ಕರ ಬಾಕಿ ಆಸ್ತಿ ಮತ್ತು ನಗರ ಪುನರಭಿವೃದ್ಧಿ (ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ)

ಆಸ್ತಿ ತೆರಿಗೆ ಕಟ್ಟದೆ ಉಳಿದ ಮನೆ, ಮಳಿಗೆ ಅಥವಾ ಖಾಲಿ ನಿವೇಶನವನ್ನು ಕರ ಬಾಕಿ ಆಸ್ತಿ ಎನ್ನುತ್ತಾರೆ. ಹಾವೇರಿ, ರಾಣೆಬೆನ್ನೂರು ನಗರಸಭೆಗಳಿಗೂ ಬ್ಯಾಡಗಿ ಪುರಸಭೆಗೂ ಅನ್ವಯಿಸುವ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮವು ಇಂಥ ಆಸ್ತಿಯ ಮೇಲೆ ವಸೂಲಿಯ ಹಕ್ಕನ್ನು ಕೊಡುತ್ತದೆಯೇ ಹೊರತು, ಬಾಕಿ ಎಷ್ಟು ಹಳೆಯದಾದರೂ ಒಡೆತನ ತಾನಾಗಿ ಸ್ಥಳೀಯ ಸಂಸ್ಥೆಗೆ ಬರುವುದಿಲ್ಲ. ಇದಕ್ಕೆ ಬದಲಾಗಿ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1999ರ ಕಾನೂನಿನಂತೆ ಸುಮಾರು ಮೂರು ವರ್ಷ ಕರ ಕಟ್ಟದ ಆಸ್ತಿ ಕೌಂಟಿ ಆಡಳಿತದ ವಶವಾಗಿ ಪುನರಭಿವೃದ್ಧಿಯ ‘ಭೂ ಬ್ಯಾಂಕ್’ ಸೇರಬಹುದು. ಬಾಕಿಗಿಂತ ಹೆಚ್ಚು ಬೆಲೆಯ ಆಸ್ತಿಯನ್ನು ಸರ್ಕಾರ ಇಡಿಯಾಗಿ ನುಂಗುವಂತಿಲ್ಲವೆಂದು ಆ ದೇಶದ ಸುಪ್ರೀಂ ಕೋರ್ಟು 2023ರಲ್ಲಿ ತೀರ್ಪಿತ್ತಿದೆ.

ಕರ್ನಾಟಕದಲ್ಲಿ ಮಾಲೀಕನೇ ಕಟ್ಟಡದ ಅಳತೆ ತೋರಿಸಿ ಕರದ ಲೆಕ್ಕ ಹಾಕುವ ಸ್ವಯಂ ಘೋಷಣೆ ಪದ್ಧತಿಯಿದ್ದು, ಏಪ್ರಿಲಿನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ. 2 ದಂಡ. ಆಮೇಲೆ ಬಿಲ್ಲು, ತಗಾದೆ ನೋಟಿಸು, ವಾರಂಟು, ಜಪ್ತಿ, ಹರಾಜು. ಜಪ್ತಿಯಲ್ಲಿಯೂ ಉಡುವ ಬಟ್ಟೆ, ಹಾಸಿಗೆ, ಕುಶಲಕರ್ಮಿಯ ಉಪಕರಣಗಳನ್ನು ಮುಟ್ಟುವಂತಿಲ್ಲ. ಹರಾಜಿನ ಹಣದಲ್ಲಿ ಬಾಕಿ, ದಂಡ, ಖರ್ಚು ಕಳೆದು ಮಿಕ್ಕದ್ದು ಮಾಲೀಕನದೇ.

ಆದರೆ ಹರಾಜಿನವರೆಗೆ ಹೋಗುವುದು ಕಷ್ಟ. ಹಳೆಯ ಓಣಿಗಳಲ್ಲಿ ತೊಲೆ ಕುಸಿದು, ಮಣ್ಣಿನ ಗೋಡೆ ಮಳೆಗೆ ಕರಗಿ, ಅಂಗಳದಲ್ಲಿ ಜಾಲಿ ಬೆಳೆದ ಮನೆಯ ಉತಾರ, ಅಂದರೆ ನಗರಸಭೆಯ ಆಸ್ತಿ ವಹಿಯ ನಕಲು, ಎಂದೋ ತೀರಿಕೊಂಡ ಅಜ್ಜನ ಹೆಸರಿನಲ್ಲಿಯೇ ಇರುತ್ತದೆ; ವಾಟ್ನಿ, ಅಂದರೆ ಆಸ್ತಿಯ ಪಾಲು, ಆಗದ ವಾರಸುದಾರರು ಊರೂರು ಚೆದುರಿರುತ್ತಾರೆ; ಮನೆಪಟ್ಟಿಯ ಬಿಲ್ಲನ್ನು ಯಾರ ಕೈಗೆ ಕೊಡಬೇಕೆಂಬುದೇ ವಸೂಲಿಗಾರನ ಮೊದಲ ತೊಡಕು. ಬಾಕಿ ತೀರದೆ ಉತಾರ ಸಿಗದ ಕಾರಣ, ಮಾರಾಟವೋ ಸಾಲವೋ ಒದಗಿದ ದಿನ ವರ್ಷಗಳ ಪಟ್ಟಿ ಒಮ್ಮೆಲೇ ಜಮೆಯಾಗುತ್ತದೆ. ವಾರಸುದಾರರೇ ಇಲ್ಲದ ಆಸ್ತಿಯೂ ಸಂವಿಧಾನದ 296ನೇ ವಿಧಿಯಂತೆ ರಾಜ್ಯ ಸರ್ಕಾರಕ್ಕೆ ಸೇರುತ್ತದೆ, ಪುರಸಭೆಗಲ್ಲ.

ಕರಕ್ಕಾಗಿ ಆಸ್ತಿ ಕಿತ್ತುಕೊಳ್ಳುವುದು ಈ ನೆಲಕ್ಕೆ ಕಹಿ ನೆನಪು. ಆಗ ಈ ಭಾಗ ಸೇರಿದ್ದ ಮುಂಬಯಿ ಪ್ರಾಂತದ 1879ರ ಭೂಕಂದಾಯ ಕಾಯಿದೆ ಕಂದಾಯ ಕೊಡದವರ ಜಮೀನನ್ನು ಮುಟ್ಟುಗೋಲು ಹಾಕುವ ಅಧಿಕಾರ ಕೊಟ್ಟಿತ್ತು. ಸ್ವಾತಂತ್ರ್ಯ ಹೋರಾಟದ ಕರನಿರಾಕರಣೆ ಚಳವಳಿಯಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಹಾಗೆ ಕಳೆದುಕೊಂಡ ಭೂಮಿ 1937ರ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲಷ್ಟೇ ಮರಳಿತು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪ 1943ರ ಏಪ್ರಿಲ್ 1ರಂದು ಗುಂಡಿಗೆ ಬಲಿಯಾದದ್ದು ಹೊಸರಿತ್ತಿಯಲ್ಲಿ ಕೂಡಿಟ್ಟಿದ್ದ ಕಂದಾಯದ ಹಣಕ್ಕೆ ಕೈಯಿಟ್ಟಾಗ. ಆದ್ದರಿಂದ ಬಾಕಿಯನ್ನು ಆರಂಭದಲ್ಲಿಯೇ ಸಣ್ಣ ಕಂತುಗಳಲ್ಲಿ ವಸೂಲು ಮಾಡುವುದೇ ಮನೆ ಕಸಿಯುವುದಕ್ಕಿಂತ ನ್ಯಾಯದ ದಾರಿ.

ಪುನರಭಿವೃದ್ಧಿಗೆ ಬೇಕಾದ ಜಾಗ ಇಲ್ಲಿ ಬರುವುದು ಮುಖ್ಯವಾಗಿ ನೇರ ಖರೀದಿಯಿಂದ ಅಥವಾ 2013ರ ಭೂಸ್ವಾಧೀನ ಕಾಯಿದೆಯಿಂದ. ಈ ಕಾಯಿದೆ ನಗರದಲ್ಲಿ ಮಾರುಕಟ್ಟೆ ಬೆಲೆಗೆ ಅಷ್ಟೇ ಮೊತ್ತವನ್ನು ಸಾಂತ್ವನಧನವಾಗಿ ಸೇರಿಸಿ ಕೊಡಬೇಕೆನ್ನುತ್ತದೆ. ಗಜೇಂದ್ರಗಡ–ಸೊರಬ ರಾಜ್ಯ ಹೆದ್ದಾರಿ ಹಾಯುವ ಬ್ಯಾಡಗಿಯ ಮುಖ್ಯರಸ್ತೆಯ ವಿಸ್ತರಣೆ ವರ್ಷಗಟ್ಟಲೆ ಎಳೆದಾಡಿದ್ದು ಕರ ಬಾಕಿಯಿಂದಲ್ಲ, ರಸ್ತೆಯಂಚಿನ ಅಂಗಡಿ, ಮನೆಗಳ ಮಾಲೀಕರ ಒಪ್ಪಿಗೆ ಮತ್ತು ಪರಿಹಾರದ ಪ್ರಶ್ನೆಯಿಂದ.