ಗದ್ದಲದೊಳಗಿನ ಮಾತು

ಕಿವುಡೆಂದರೆ ಶಬ್ದವು ಸಣ್ಣದಾಗಿ ಕೇಳುವುದು, ಅದನ್ನು ದೊಡ್ಡದುಮಾಡಿ ಕೊಟ್ಟರೆ ತೀರಿತು ಎಂಬ ಭಾವನೆ ಯಂತ್ರಶಿಲ್ಪಿಗಳಲ್ಲಿ ಬಹುಕಾಲ ನೆಲಸಿದ್ದಿತು. ಕೊಂಬಿನಾಕಾರದ ನಳಿಗೆಯಿಂದ ಹಿಡಿದು 1953ರ ಸುಮಾರಿಗೆ ಬಳಕೆಗೆ ಬಂದ ಟ್ರಾನ್ಸಿಸ್ಟರ್ ಶ್ರವಣಯಂತ್ರದವರೆಗೆ ನಡೆದ ಪ್ರಯತ್ನವೆಲ್ಲ ಬಹುಮಟ್ಟಿಗೆ ಈ ಒಂದೇ ದಾರಿಯದು. ಏಕಾಂತದಲ್ಲಿ ಅದರಿಂದ ಉಪಕಾರವಾಯಿತು. ಆದರೆ ನೆಂಟರು ನೆರೆದ ಮನೆಯಲ್ಲಿ ಮಗಳ ಮಾತಿನೊಡನೆ ಪಾತ್ರೆಗಳ ಸಪ್ಪಳವೂ ಅಷ್ಟೇ ದೊಡ್ಡದಾದರೆ, ವೃದ್ಧರು ಯಂತ್ರವನ್ನು ತೆಗೆದು ಜೇಬಿಗೆ ಹಾಕಿಕೊಳ್ಳದೆ ಇನ್ನೇನು ಮಾಡಿಯಾರು?

ಕಿವಿಯ ಹಿರಿಮೆಯಿರುವುದು ಕೇಳುವುದರಲ್ಲಿ ಮಾತ್ರವಲ್ಲ, ಆರಿಸುವುದರಲ್ಲಿ. 1953ರಲ್ಲಿ ಕಾಲಿನ್ ಚೆರಿ ಎಂಬ ಆಂಗ್ಲ ವಿದ್ವಾಂಸರು ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಒಬ್ಬನೇ ಓದಿದ ಎರಡು ವಾಕ್ಯಸರಣಿಗಳನ್ನು ಬೆರಸಿ ಕೇಳಿಸಿದಾಗ ಬೇರ್ಪಡಿಸುವುದು ಬಹು ಕಷ್ಟವಾಯಿತು. ಕಿವಿಗೊಂದರಂತೆ ಕೇಳಿಸಿದಾಗ ಸುಲಭವಾಯಿತು.

ಯಂತ್ರಕ್ಕೆ ಈ ವಿವೇಕವನ್ನು ಕಲಿಸುವ ಸೂತ್ರವು ಬೇರೊಂದು ಕಡೆಯಿಂದ ಬಂದಿತು. 1959ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಬರ್ನಾರ್ಡ್ ವಿಡ್ರೋ ಅವರೂ ಅವರ ಶಿಷ್ಯರಾದ ಟೆಡ್ ಹಾಫ್ ಅವರೂ ಚಿಂತಿಸುತ್ತಿದ್ದುದು ಕಿವುಡರನ್ನು ಕುರಿತಲ್ಲ, ಅನುಭವದಿಂದ ಕಲಿಯಬಲ್ಲ ಯಂತ್ರವನ್ನು ಕುರಿತು. (ಹಾಫ್ ಅವರು ಮುಂದೆ ಮೈಕ್ರೋಪ್ರೊಸೆಸರಿನ ನಿರ್ಮಾತೃಗಳಲ್ಲೊಬ್ಬರೆಂದು ಹೆಸರಾದರು.) ಅವರ ಉಪಾಯ ಸರಳವಾದುದು: ಬೇಕಾದುದಕ್ಕೂ ಬಂದುದಕ್ಕೂ ಇರುವ ಅಂತರವನ್ನು ಪ್ರತಿಕ್ಷಣವೂ ಅಳೆದು, ಅದಕ್ಕೆ ತಕ್ಕಷ್ಟು ಸ್ವಲ್ಪಸ್ವಲ್ಪವೇ ತಿದ್ದಿಕೊಳ್ಳುತ್ತ ಹೋಗುವುದು. 1975ರಲ್ಲಿ ವಿಡ್ರೋ ಮತ್ತು ಸಂಗಡಿಗರು ಇದನ್ನು ಗದ್ದಲ ಕಳೆಯುವುದಕ್ಕೆ ಬಳಸುವ ಬಗೆಯನ್ನು ವಿಸ್ತಾರವಾಗಿ ವಿವರಿಸಿದರು. ಒಂದು ಮೈಕಿಗೆ ಮಾತೂ ಗದ್ದಲವೂ, ಇನ್ನೊಂದಕ್ಕೆ ಗದ್ದಲ ಮಾತ್ರ. ಎರಡನೆಯದನ್ನು ಹದಗೊಳಿಸಿ ಮೊದಲನೆಯದರಿಂದ ಕಳೆದರೆ ಉಳಿಯುವುದು ಮಾತು. ತಾಯಿಯ ಎದೆಬಡಿತದೊಳಗೆ ಮುಚ್ಚಿಹೋದ ಗರ್ಭಸ್ಥ ಶಿಶುವಿನ ಹೃದಯಸ್ಪಂದನವನ್ನು ಕೂಡ ಅವರು ಹೀಗೆಯೇ ಬೇರ್ಪಡಿಸಿ ತೋರಿಸಿದರು.

ಆದರೆ ಒಂದೇ ಕಿವಿಯ ಮೇಲೆ ಕುಳಿತ ಎರಡು ಮೈಕುಗಳಲ್ಲಿ ಮಾತು ತಲುಪದ ಮೈಕು ಯಾವುದು? ಗ್ರಿಫಿತ್ಸ್ ಮತ್ತು ಜಿಮ್ ಎಂಬವರು 1982ರಲ್ಲಿ ಪ್ರಕಟಿಸಿದ ಯುಕ್ತಿ ಇಲ್ಲಿ ನೆರವಾಯಿತು. ಕೇಳುವವನು ಮುಖಮಾಡಿದ ದಿಕ್ಕಿನ ದನಿ ಎರಡರಲ್ಲಿಯೂ ಒಂದೇ ಆಗುವಂತೆ ಹೊಂದಿಸಿ ಒಂದರಿಂದೊಂದನ್ನು ಕಳೆದರೆ ಆ ದನಿ ಅಳಿದು, ಉಳಿದ ದಿಕ್ಕುಗಳ ಸದ್ದು ಮಾತ್ರ ಉಳಿಯುವುದು. ಅದೇ ಬೇಕಾಗಿದ್ದ ಗದ್ದಲದ ಮಾದರಿ! ಇದರ ಜಾಣ್ಮೆಗೆ ತಲೆದೂಗಲೇಬೇಕು.

1996ರ ಸುಮಾರಿಗೆ ಕಿವಿಯಲ್ಲಿ ಹಿಡಿಸುವ ಪೂರ್ಣ ಅಂಕೀಯ ಯಂತ್ರಗಳು ಪೇಟೆಗೆ ಬಂದ ಮೇಲೆ ಇಂಥ ಲೆಕ್ಕಗಳಿಗೆ ಅಲ್ಲಿ ಸ್ಥಳ ದೊರೆಯಿತು. ಯಂತ್ರವು ತಾನೇ ಸಿಳ್ಳಿಡುವ ಹಳೆಯ ಪೀಡೆಯನ್ನು ತಗ್ಗಿಸಿದುದೂ ಇದೇ ಬಗೆಯ ತಿದ್ದುಪಡಿಯೇ. ಆದರೂ ಮಾರ್ದನಿಗೊಡುವ ದೊಡ್ಡ ಕೋಣೆಯಲ್ಲಿ ಎದುರಿನ ಮಾತೇ ಗೋಡೆಗೆ ತಾಗಿ ಪಕ್ಕದಿಂದ ಬಂದು, ಗದ್ದಲದೊಡನೆ ಸೇರಿ, ತನ್ನನ್ನು ತಾನೇ ಅಳಿಸಿಕೊಳ್ಳುವುದುಂಟು. ಇನ್ನು ಬೆನ್ನ ಹಿಂದಿನಿಂದ ಮೊಮ್ಮಗು ಕರೆದರೆ, ಈ ಲೆಕ್ಕಕ್ಕೆ ಅದೂ ಗದ್ದಲವೇ.