ವರ್ಕ್‌ಸ್ಟೇಷನ್ ಓವರ್‌ಕ್ಲಾಕಿಂಗ್

ಕಂಪನಿಯಿಂದಲೇ ಜೋಡಣೆಯಾಗಿ ಬಂದ ಹಳೆಯ ವರ್ಕ್‌ಸ್ಟೇಷನ್ ಕಂಪ್ಯೂಟರಿನ ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವ ಕ್ರಮ. ಕಚೇರಿಗಳು ಬಳಸಿ ಬಿಟ್ಟ ಡೆಲ್ ಪ್ರಿಸಿಷನ್, ಎಚ್‌ಪಿ ಝಡ್ ಸರಣಿಯ ಯಂತ್ರಗಳು ಬೆಂಗಳೂರಿನ ಎಸ್.ಪಿ. ರೋಡಿನಂಥ ಪೇಟೆಗಳ ಮೂಲಕ ಸಣ್ಣ ಊರುಗಳ ಸ್ಟುಡಿಯೋ, ಡಿಟಿಪಿ ಅಂಗಡಿಗಳಿಗೂ ಹೋಗುತ್ತವೆ.

ಮೂಲ ಕ್ಲಾಕನ್ನು ಮಲ್ಟಿಪ್ಲೈಯರಿನಿಂದ ಗುಣಿಸಿದರೆ ಪ್ರೊಸೆಸರಿನ ವೇಗ ಸಿಗುತ್ತದೆ. ಇಂಟೆಲ್ ತನ್ನ ಝಿಯಾನ್ ಚಿಪ್‌ಗಳಲ್ಲಿ ಹೆಚ್ಚಿನವಕ್ಕೆ ಮಲ್ಟಿಪ್ಲೈಯರ್ ಬದಲಿಸದಂತೆ ಬೀಗ ಹಾಕಿದೆ. ಡಬ್ಲ್ಯು3680, ಡಬ್ಲ್ಯು3690, ಇ5-1650, ಇ5-1660, ಎಂಟು ಕೋರ್‌ಗಳ ಇ5-1680 ವಿ2 ಈ ಬೀಗವಿಲ್ಲದವು.

ಚಿಪ್‌ಗೆ ಬೀಗವಿಲ್ಲದಿದ್ದರೂ ಪೆಟ್ಟಿಗೆಗೆ ಇದೆ. ಇಂಥ ಯಂತ್ರಗಳ ಬಯೋಸ್‌ನಲ್ಲಿ ವೇಗ ಏರಿಸುವ ಆಯ್ಕೆಯೇ ಇರುವುದಿಲ್ಲ. ಹಾಗಾಗಿ ವಿಂಡೋಸ್ ಒಳಗಿನಿಂದ ಥ್ರಾಟಲ್‌ಸ್ಟಾಪ್ ಅಥವಾ ಇಂಟೆಲ್ ಎಕ್ಸ್‌ಟಿಯು ತಂತ್ರಾಂಶದಿಂದ ಮಲ್ಟಿಪ್ಲೈಯರ್ ಬದಲಿಸುತ್ತಾರೆ. 2013ರ ಇ5-1650 ವಿ2ರ ನಿಗದಿತ ವೇಗ 3.5 ಗಿಗಾಹರ್ಟ್ಸ್, ಟರ್ಬೊದಲ್ಲಿ 3.9. ಆದರೆ ಆರೂ ಕೋರ್ ಒಟ್ಟಿಗೆ ದುಡಿಯುವಾಗ ಆ 3.9 ಸಿಗುವುದಿಲ್ಲ. ಎಲ್ಲ ಕೋರ್‌ಗಳಿಗೂ ಮಲ್ಟಿಪ್ಲೈಯರ್ 39 ಎಂದು ಕೊಟ್ಟರೆ ಆ ಕೊರತೆ ತುಂಬುತ್ತದೆ. 42 ಕೊಟ್ಟರೆ 4.2. ವಿಡಿಯೋ ರೆಂಡರಿಂಗ್ ಮಾಡುವವರಿಗೆ ನಿಜವಾದ ಲಾಭ ಇಲ್ಲೇ.

ಇಂಥ ವಿ2 ಚಿಪ್ ಹಾಕಲೆಂದು ಎಚ್‌ಪಿ ಝಡ್420 ಕೊಳ್ಳುವವರು ಬಯೋಸ್‌ನಲ್ಲಿ ಬೂಟ್ ಬ್ಲಾಕ್ ತಾರೀಖು ನೋಡಬೇಕು. 2013ರದ್ದಾದರೆ ವಿ2 ಚಿಪ್ ನಡೆಯುತ್ತದೆ, 2011ರದ್ದಾದರೆ ಇಲ್ಲ. ಬಯೋಸ್ ಅಪ್‌ಡೇಟ್ ಮಾಡಿದರೂ ಇದು ಬದಲಾಗದು.

ವೇಗ ಏರಿಸಿದಾಗ ಚಿಪ್ ಸ್ಥಿರವಾಗಿರಲು ವೋಲ್ಟೇಜನ್ನೂ ಏರಿಸಬೇಕಾಗಬಹುದು. ಅದು ಶೇ. 10 ಏರಿದರೆ, ವೇಗ ಅಷ್ಟೇ ಇದ್ದರೂ, ಪ್ರೊಸೆಸರಿನ ವಿದ್ಯುತ್ ಬಳಕೆ ಸುಮಾರು ಶೇ. 21 ಹೆಚ್ಚುತ್ತದೆ. 130 ವ್ಯಾಟ್ ಚಿಪ್‌ಗೆಂದು ಮಾಡಿದ ಹೀಟ್‌ಸಿಂಕ್, ವರ್ಷಗಟ್ಟಲೆ ಧೂಳು ತಿಂದ ಫ್ಯಾನ್, ಒಣಗಿದ ಥರ್ಮಲ್ ಪೇಸ್ಟ್ ಇದನ್ನು ತಾಳಲಾರವು. ಫ್ಯಾನ್, ಪವರ್ ಸಪ್ಲೈ ಕೂಡ ಕಂಪನಿಯ ಸ್ವಂತ ಅಳತೆಯವು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಭಾಗ ಹಾಗೇ ಕೂರುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ಸೊರಬ, ಶಿಕಾರಿಪುರ ಸೀಮೆಯಲ್ಲಿ ಯುಪಿಎಸ್ ಲೆಕ್ಕವೂ ಇದೆ: ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್ ಆಸುಪಾಸು. ಗ್ರಾಫಿಕ್ಸ್ ಕಾರ್ಡೂ ಇದ್ದರೆ ಅದು ಸಾಲದು.

ಪೇಸ್ಟ್ ಬದಲಿಸಿ, ಧೂಳು ತೆಗೆದು, ವೋಲ್ಟೇಜ್ ಮುಟ್ಟದೆ ಸಿಕ್ಕಷ್ಟು ವೇಗ ಪಡೆಯುವುದೇ ಇಂಥ ಯಂತ್ರಗಳಿಗೆ ತಕ್ಕದ್ದು. ಇನ್ನೂ ಹಾರ್ಡ್ ಡಿಸ್ಕಿನಲ್ಲೇ ಓಡುತ್ತಿರುವ ಯಂತ್ರವಾದರೆ ಮೊದಲು ಎಸ್‌ಎಸ್‌ಡಿ ಹಾಕಿಸಬೇಕು. ದಿನದ ಬಳಕೆಯಲ್ಲಿ ಓವರ್‌ಕ್ಲಾಕಿಂಗ್‌ಗಿಂತ ಅದರ ಲಾಭವೇ ದೊಡ್ಡದು.