76ರಲ್ಲಿ ಒಂದು ಪಾಲಿನ ಹಳ್ಳಿ

ಮನೆಗೆ ಆಟದ ರೈಲು ಬಂದರೆ ಮೊದಲ ದಿನ ಎಲ್ಲರ ಕಣ್ಣೂ ಎಂಜಿನ್ನಿನ ಮೇಲೆ. ನಾಲ್ಕನೆಯ ದಿನಕ್ಕೆ ಅದು ಸುಮ್ಮನೆ ಸುತ್ತುಹಾಕುವುದನ್ನು ನೋಡಿ ಬೇಸರ ಬರುತ್ತದೆ. ಆಗ ಮನೆಯ ಮಗುವೊಂದು ಬೆಂಕಿಪೊಟ್ಟಣವನ್ನು ಹಳಿಯ ಪಕ್ಕ ನಿಲ್ಲಿಸಿ ‘ಇದು ಸ್ಟೇಷನ್ನು’ ಎನ್ನುತ್ತದೆ. ಅಷ್ಟು ಸಾಕು, ರೈಲಿಗೆ ಹೋಗಲು ಒಂದು ಊರು ಸಿಕ್ಕಿತು. ಮಾದರಿ ರೈಲುಗಳ ಚರಿತ್ರೆಯೂ ಹೆಚ್ಚುಕಡಿಮೆ ಹೀಗೆಯೇ ನಡೆದಿದೆ. ಬೆಂಕಿಪೊಟ್ಟಣದ ತನಕ ಬರಲು ದೊಡ್ಡವರಿಗೆ ಮಾತ್ರ ನಾಲ್ಕೈದು ದಶಕ ಹಿಡಿಯಿತು.

ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ನಿಗದಿತ ಅಳತೆಯ ಹಳಿಗಳ ಆಟದ ರೈಲನ್ನು ಪ್ರದರ್ಶಿಸಿತು. ಒಮ್ಮೆ ಕೊಂಡವರು ಮತ್ತಷ್ಟು ಹಳಿ, ಮತ್ತಷ್ಟು ಬೋಗಿ ಕೊಳ್ಳುತ್ತ ಹೋಗಬಹುದಿತ್ತು. ತಗಡಿನ ಸ್ಟೇಷನ್ನುಗಳೂ ಅಂಗಡಿಯಲ್ಲಿ ಸಿಗುತ್ತಿದ್ದವು. ಆದರೆ ಆ ರೈಲುಗಳ ಗಾತ್ರವೇ ದೊಡ್ಡದು. ಹಳಿ ಹಾಸುವಷ್ಟರಲ್ಲಿ ಕೋಣೆ ಮುಗಿದುಹೋಗುತ್ತಿತ್ತು, ಊರಿಗೆ ಜಾಗವೆಲ್ಲಿ? 1922ರಲ್ಲಿ ಬಿಂಗ್ ಕಂಪನಿ ಊಟದ ಮೇಜಿನ ಮೇಲೆ ಓಡುವಷ್ಟು ಪುಟ್ಟ ರೈಲನ್ನು ಮಾರುಕಟ್ಟೆಗೆ ತಂದಾಗ ಪರಿಸ್ಥಿತಿ ಬದಲಾಯಿತು. ಬ್ರಿಟನ್ನಿನ ಹವ್ಯಾಸಿಗಳಲ್ಲಿ ಕ್ರಮೇಣ ಒಂದು ಅಡಿಗೆ ನಾಲ್ಕು ಮಿಲಿಮೀಟರ್, ಎಂದರೆ 76ರಲ್ಲಿ ಒಂದು ಪಾಲು ಎಂಬ ಪ್ರಮಾಣ ಬಳಕೆಗೆ ಬಂತು. ಈ ಲೆಕ್ಕದಲ್ಲಿ ಆರಡಿಯ ಆಳು 24 ಮಿಲಿಮೀಟರ್ ಆಗುತ್ತಾನೆ.

ಈ ಜಾಗದ ಬೆಲೆಯನ್ನು ಮೊದಲು ಕಂಡುಕೊಂಡವರಲ್ಲಿ ಲಂಡನ್ನಿನ ಜಾನ್ ಅಹರ್ನ್ ಒಬ್ಬ. 1930ರ ದಶಕದ ಕೊನೆಯಲ್ಲಿ ಆತ ಕಟ್ಟಲಾರಂಭಿಸಿದ ‘ಮ್ಯಾಡರ್ ವ್ಯಾಲಿ’ ರೈಲ್ವೆಯಲ್ಲಿ ರೈಲಿಗಿಂತ ಕಣಿವೆಯೇ ಮುಖ್ಯ. ತಾನು ಅಲ್ಲಿ ಇಲ್ಲಿ ಕಂಡು ಮೆಚ್ಚಿದ ನಿಜವಾದ ಕಟ್ಟಡಗಳನ್ನು ಆತ ಪುಟ್ಟದಾಗಿ ಮಾಡಿ, ಎಲ್ಲೂ ಇಲ್ಲದ ಒಂದು ನದಿಯ ದಡದಲ್ಲಿ ಜೋಡಿಸಿದ. ಕಟ್ಟಡಗಳು ನಿಜ, ಊರು ಸುಳ್ಳು.

ಇದೇ ಸೂತ್ರವನ್ನು ಹಿಡಿದು, ಅದರಿಂದ ಆಟವನ್ನೇ ಮೀರಿದ ಕೆಲಸ ಮಾಡಿದವನು ರಾಯ್ ಇಂಗ್ಲೆಂಡ್. ಅಡ್ಡಹೆಸರು ಇಂಗ್ಲೆಂಡ್, ಆದರೆ ಮನುಷ್ಯ ಆಸ್ಟ್ರೇಲಿಯಾದವನು! 1925ರಲ್ಲಿ ಇಂಗ್ಲೆಂಡಿಗೆ ಬಂದ ಈ ತರುಣನಿಗೆ ಗ್ರೇಟ್ ವೆಸ್ಟರ್ನ್ ರೈಲ್ವೆಯ ಹುಚ್ಚು. ಆ ಕಂಪನಿಯ ಎಂಜಿನ್ ಕಾರ್ಖಾನೆಯಿದ್ದ ಸ್ವಿಂಡನ್ ಬಳಿಯ ವಾನ್‌ಬರೋ ಎಂಬ ಹಳ್ಳಿಯಲ್ಲಿ ಬಿಡಾರ ಹೂಡಿದ. ಸೀಮೆಸುಣ್ಣದ ಗುಡ್ಡಗಳ ತಪ್ಪಲಿನ ಆ ಸೀಮೆಗೆ ವೈಟ್ ಹಾರ್ಸ್ ಕಣಿವೆ ಎಂದು ಹೆಸರು. ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಯಾರೋ ಗುಡ್ಡದ ಮೈಯನ್ನು ಅಗೆದು ಬಿಳಿಯ ಸುಣ್ಣ ತುಂಬಿ ಬಿಡಿಸಿದ, 110 ಮೀಟರ್ ಉದ್ದದ ಕುದುರೆ ಇವತ್ತಿಗೂ ಅಲ್ಲಿದೆ.

ರೈಲು ನೋಡಲು ಹೋದವನ ಕಣ್ಣು ಮನೆಗಳ ಮೇಲೆ ಬಿತ್ತು. ದಪ್ಪ ಹುಲ್ಲಿನ ಚಾವಣಿ, ಸುಣ್ಣಗಲ್ಲು ಇಟ್ಟಿಗೆ ಬೆರೆತ ಗೋಡೆ, ಮುಂದೆ ತರಕಾರಿ ಮಡಿ. ಆದರೆ ಆ ವರ್ಷಗಳಲ್ಲೇ ಮನೆಗಳ ಹುಲ್ಲು ಕಿತ್ತು ತಗಡು, ಕಲ್ನಾರಿನ ಹೊದಿಕೆ ಹಾಕಲಾಗುತ್ತಿತ್ತು. ಹಳೆಯ ಕಿಟಕಿ ತೆಗೆದು ದೊಡ್ಡ ಗಾಜು ಕೂರಿಸುತ್ತಿದ್ದರು. ಇದರಲ್ಲಿ ಮನೆಯವರ ತಪ್ಪೇನಿಲ್ಲ. ಸೋರುವ ಮಾಡಿನ ಕೆಳಗೆ ಮಲಗಿದವರಿಗೆ ಅದರ ಸೌಂದರ್ಯ ಹೇಗೆ ಕಂಡೀತು? ರಾಯ್ ಆ ಮನೆಗಳನ್ನು ಉಳಿಸಲಾರ. ಆದರೆ ಅಳೆಯಬಲ್ಲ. ಗೋಡೆಯ ಉದ್ದಗಲ, ಕಲ್ಲಿನ ಬಣ್ಣ, ಚಿಮಣಿಯ ವಾಲು ಎಲ್ಲವನ್ನೂ ಬರೆದುಕೊಂಡ, ಚಿತ್ರ ತೆಗೆದ. 1930ರ ದಶಕದ ಆರಂಭದಿಂದ ರಟ್ಟಿನಲ್ಲಿ ಕತ್ತರಿಸಿ, ಕಲ್ಲಿನ ವರಸೆಗಳನ್ನು ಒತ್ತಿ ಮೂಡಿಸಿ, ಜಲವರ್ಣ ಬಳಿದು ಅವನ್ನು ಮರಳಿ ಕಟ್ಟತೊಡಗಿದ. ಒಂದೊಂದು ಮನೆಗೂ ತಿಂಗಳುಗಳು ಹಿಡಿದವು.

1954ರಲ್ಲಿ ಲಾಂಗ್ ವಿಟನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ, ತಾನು ನಡೆಸುತ್ತಿದ್ದ ಯೂತ್ ಹಾಸ್ಟೆಲ್‌ನ ಆಸರೆಯಲ್ಲಿಯೇ ಆತ ಪೆಂಡನ್ ವಸ್ತುಸಂಗ್ರಹಾಲಯವನ್ನು ಆರಂಭಿಸಿದ. ಅಲ್ಲಿ ಎದ್ದ ಪುಟ್ಟ ಊರಿನ ಹೆಸರು ಪೆಂಡನ್ ಪಾರ್ವ.

ಮನೆಗಳೇನೋ ಆದವು, ಅವನ್ನು ಜೋಡಿಸುವುದು ಹೇಗೆ? ನಿಜವಾದ ತೊಡಕು ಇಲ್ಲಿಯೇ. ಈ ಪ್ರಮಾಣದಲ್ಲಿ ಒಂದು ಮೈಲಿ ಎಂದರೆ 21 ಮೀಟರಿಗೂ ಹೆಚ್ಚು. ಕುದುರೆಯಿರುವ ಗುಡ್ಡವನ್ನು ಲೆಕ್ಕಕ್ಕೆ ಸರಿಯಾಗಿ ಕಟ್ಟಿದರೆ ಅದೊಂದೇ ಕೋಣೆಯನ್ನು ತುಂಬಿಬಿಡುತ್ತದೆ. ಆದ್ದರಿಂದ ಮನೆಯನ್ನು ಕಿರಿದು ಮಾಡುವ ಹಾಗೆ ಮನೆಗಳ ನಡುವಿನ ಬಯಲನ್ನು ಮಾಡಲಾಗದು. ಬಯಲನ್ನು ಮಡಿಚಬೇಕು. ಕವಲು ದಾರಿಯನ್ನು ಮರದ ಹಿಂದೆ ತಿರುಗಿಸಿ ಕೊನೆ ಕಾಣದಂತೆ ಮಾಡುತ್ತಾರೆ. ಹಳಿ ದೃಶ್ಯದಿಂದ ಹೊರಹೋಗುವ ಜಾಗಕ್ಕೆ ಸೇತುವೆಯನ್ನೋ ಗುಡ್ಡವನ್ನೋ ಅಡ್ಡ ಇಡುತ್ತಾರೆ. ದೂರದ ಹೊಲಗಳಿಗೆ ಹಸಿರು ತೆಳುವಾಗಿ ನೀಲಿಗೆ ತಿರುಗಬೇಕು, ಹಿಂದಿನ ಮರಗಳು ಮುಂದಿನವಕ್ಕಿಂತ ಕುಳ್ಳಾಗಬೇಕು. ಮನೆಗಳನ್ನು ಮೇಜಿನ ಅಂಚಿಗೆ ಸಮಾನಾಂತರವಾಗಿ ಸಾಲು ಹಿಡಿಸಿದರೆ ಅದು ಊರಲ್ಲ, ಅಂಗಡಿಯ ಕಪಾಟು. ಮನೆ ನೆಲದ ಮೇಲೆ ಕೂರಬಾರದು, ನೆಲದೊಳಗೆ ಕೊಂಚ ಇಳಿದಿರಬೇಕು. ಇಲ್ಲವಾದರೆ ಗೋಡೆಯ ಬುಡದಲ್ಲಿ ಬೆಳಕಿನ ಗೆರೆಯೊಂದು ಇಣುಕಿ ಗುಟ್ಟು ಬಯಲಾಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಸೂಕ್ಷ್ಮ ಇನ್ನೊಂದಿದೆ. ಹವ್ಯಾಸಿ ಮೊದಲು ಹಳಿ ಹಾಸಿ, ಉಳಿದ ಜಾಗದಲ್ಲಿ ಊರು ತುರುಕುತ್ತಾನೆ. ಚರಿತ್ರೆ ನಡೆದದ್ದು ತಿರುವುಮುರುವಾಗಿ. ಊರು, ಇಗರ್ಜಿ, ಹೊಲದ ಬೇಲಿ ನೂರಾರು ವರ್ಷಗಳಿಂದ ಇದ್ದವು. ಬ್ರೂನೆಲ್‌ನ ರೈಲುಮಾರ್ಗ ಆ ಕಣಿವೆಯನ್ನು ಹೊಕ್ಕಿದ್ದು 1840ರಲ್ಲಿ. ಹಾಗಾಗಿ ಹಳಿಯೇ ಹೊಲವನ್ನು ಸೀಳಿದಂತೆ, ದಾರಿಯೇ ಸೇತುವೆಗಾಗಿ ಡುಬ್ಬ ಏರಿದಂತೆ ಕಾಣಬೇಕು. ಪೆಂಡನ್ನಿನ ದೃಶ್ಯದಲ್ಲಿ ಈ ವಿವೇಕವಿದೆ: ಅಲ್ಲಿ ರೈಲು ಊರಿನ ಪಕ್ಕದಲ್ಲಿ ಹಾದುಹೋಗುವ ಅತಿಥಿ.

ಪೆಂಡನ್ ಪಾರ್ವ ಎಂಬ ಊರು ಯಾವ ನಕ್ಷೆಯಲ್ಲೂ ಇಲ್ಲ. ಬೇರೆ ಬೇರೆ ಹಳ್ಳಿಗಳ ಮನೆಗಳನ್ನು ನೆರೆಹೊರೆಯಾಗಿಸಿ ಕಟ್ಟಿದ್ದು ಅದು. ಇದು ಚರಿತ್ರೆಗೆ ಅಪಚಾರವಲ್ಲವೇ ಎಂದು ಕೇಳಬಹುದು. ಒಂದೇ ಹಳ್ಳಿಯನ್ನು ಇದ್ದಂತೆ ಮಾಡಿದ್ದರೆ ಆ ಹಳ್ಳಿಯೊಂದು ಉಳಿಯುತ್ತಿತ್ತು, ನಿಜ. ಆದರೆ ರಾಯ್‌ಗೆ ಬೇಕಾಗಿದ್ದು ಕಣಿವೆಯ ಬದುಕಿನ ಧಾಟಿ. ಪ್ರತಿ ಮನೆಗೂ ಆಧಾರವಿರಲಿ, ಜೋಡಣೆಗೆ ಸ್ವಾತಂತ್ರ್ಯವಿರಲಿ ಎಂಬ ಅವನ ಒಪ್ಪಂದ ನನಗೆ ಪ್ರಾಮಾಣಿಕವಾಗಿಯೇ ಕಾಣುತ್ತದೆ.

ಸಾಗರದಾಚೆ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಜಾನ್ ಅಲೆನ್ ಇದೇ ಕಾಲದಲ್ಲಿ ಬೇರೊಂದು ದಾರಿ ಹಿಡಿದಿದ್ದ. ವೃತ್ತಿಯಿಂದ ಛಾಯಾಗ್ರಾಹಕ. ನೆಲದಿಂದ ಸೂರಿನ ತನಕ ಬೆಟ್ಟ ಎಬ್ಬಿಸಿ, ಅಲ್ಲಲ್ಲಿ ಕನ್ನಡಿ ಅಡಗಿಸಿ ಚಿಕ್ಕ ಜಾಗವನ್ನು ಇಮ್ಮಡಿ ಮಾಡಿದ. ದಸರಾ ಗೊಂಬೆಗಳ ಮುಂದೆ ಕನ್ನಡಿಯಿಟ್ಟು ಕೊಳ ಮಾಡಿ, ಸುತ್ತ ರಾಗಿ ಪೈರು ಎಬ್ಬಿಸುವ ನಮ್ಮ ಹೆಂಗಸರು ಇದನ್ನು ಕಂಡಿದ್ದರೆ ನಕ್ಕುಬಿಡುತ್ತಿದ್ದರೇನೋ. ಅಲೆನ್ ದಾಖಲೆಯ ಗೊಡವೆಗೆ ಹೋದವನಲ್ಲ, ಅವನದು ಶುದ್ಧ ರಂಗಭೂಮಿ. 1973ರ ಜನವರಿಯಲ್ಲಿ ಹೃದಯಾಘಾತದಿಂದ ತೀರಿಕೊಂಡ. ಕೆಲವೇ ದಿನಗಳಲ್ಲಿ ಮನೆಗೆ ಬೆಂಕಿ ಬಿದ್ದು ಆ ಇಡೀ ಲೋಕ ಹಾಳಾಯಿತು. ಇಂದು ನಮಗೆ ಅದು ಸಿಗುವುದು ಹೆಚ್ಚಾಗಿ ಅವನೇ ತೆಗೆದ ಚಿತ್ರಗಳಲ್ಲಿ.

ಮ್ಯಾಡರ್ ವ್ಯಾಲಿಗೆ ಆ ಗತಿ ಬರಲಿಲ್ಲ. ಅಹರ್ನ್ ಸತ್ತ ಮೇಲೆ ಅದನ್ನು ಪೆಂಡನ್ನಿಗೆ ಸಾಗಿಸಿದರು, ಈಗ ಎರಡೂ ಒಂದೇ ಸೂರಿನಡಿಯಲ್ಲಿವೆ. ರಾಯ್ ಇಂಗ್ಲೆಂಡ್ 1995ರಲ್ಲಿ ತೀರಿಕೊಂಡಾಗ ಅವನ ಕಣಿವೆಯ ಕೆಲಸ ಇನ್ನೂ ಮುಗಿದಿರಲಿಲ್ಲ. ಸ್ವಯಂಸೇವಕರು ಅದನ್ನು ಮುಂದುವರಿಸಿದರು. ಅವರಲ್ಲಿ ಎಷ್ಟೋ ಮಂದಿ, ತಾವು ಕಟ್ಟುತ್ತಿರುವ ಕಾಲದಲ್ಲಿ ಹುಟ್ಟಿಯೂ ಇರದವರು.